ಮಗಳ ಗೆಳತಿಯರ ಹೆಸರು

2018ರ ‘ಸರ್ಚಿಂಗ್’ ಚಿತ್ರದಲ್ಲಿ ಕಾಣೆಯಾದ ಮಗಳನ್ನು ಅಪ್ಪ ಅವಳ ಲ್ಯಾಪ್‌ಟಾಪ್‌ನಲ್ಲಿ ಹುಡುಕುತ್ತಾನೆ. ನಿರ್ದೇಶಕ ಅನೀಶ್ ಚಾಗಂಟಿ ಇಡೀ ಕಥೆಯನ್ನು ಕಂಪ್ಯೂಟರ್, ಮೊಬೈಲ್ ಪರದೆಗಳ ಮೇಲೆಯೇ ಹೇಳಿದ್ದಾರೆ. ನನ್ನನ್ನು ಕಲಕಿದ್ದು ಬೇರೆ: ಮಗಳ ಗೆಳತಿಯರು ಯಾರೆಂಬುದೇ ಆ ಅಪ್ಪನಿಗೆ ಗೊತ್ತಿಲ್ಲ.

ಮಗು ಕಾಣದಾದಾಗ ಅಪ್ಪ-ಅಮ್ಮನಿಗಾಗುವ ಭಯವನ್ನು ಮಳೆಗಾಲದಲ್ಲಿ ಕವಲೇದುರ್ಗದ ಕೋಟೆಗೆ ಮಕ್ಕಳೊಂದಿಗೆ ಹೋದವರು ಬಲ್ಲರು. ಗದ್ದೆ ದಾಟಿ, ಜಾರುವ ಕಲ್ಲುಹಾಸು ಹತ್ತುವಾಗ ಮಂಜು ಕವಿಯುತ್ತದೆ; ಮುಂದೆ ಓಡಿದ ಮಗು ಕೋಟೆಬಾಗಿಲ ತಿರುವಿನಲ್ಲಿ ಕಣ್ಮರೆ. ‘ಪುಟ್ಟೀ’ ಎಂದು ಕೂಗಿದರೆ ‘ಓ’ ಎನ್ನುವ ದನಿ ಬರುವವರೆಗೂ ಜೀವ ಬಾಯಿಗೆ ಬಂದಿರುತ್ತದೆ.

ದನಿ ಬರದಿದ್ದರೆ ಸಂಜೆಯವರೆಗೆ ಕಾಯಬೇಡಿ. 24 ಗಂಟೆ ಕಳೆಯಬೇಕೆಂಬ ಮಾತು ಸುಳ್ಳು. ಮಗು ಕಾಣೆಯಾದ ದೂರಿಗೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 112ಕ್ಕೆ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಕರೆ ಮಾಡಿ.