ಬನ್ನಿ ಎನ್ನುವ ದನಿ

(ಅತ್ಲೋನಿನ ಕನ್ನಡ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಶಾನನ್ ನದಿಯ ದಡದ ಈ ಊರಿನಲ್ಲಿ ಕನ್ನಡ ನಾಟಕದ ಮಾತೆತ್ತಲು ನನಗೊಂದು ನೆಪ ಸಿಕ್ಕಿದೆ. ಅತ್ಲೋನಿನ ಹೆಮ್ಮೆಯ ಹಾಡುಗಾರ ಜಾನ್ ಮೆಕಾರ್ಮ್ಯಾಕ್ ಹುಟ್ಟಿದ್ದು 1884ರಲ್ಲಿ. ಅದೇ ವರ್ಷ ನಮ್ಮ ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಅದನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಹೆಸರಾದದ್ದು ಹಾಸ್ಯ ಪಾತ್ರಗಳಿಂದ. 'ಸದಾರಮೆ'ಯ ಕಳ್ಳನನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಕಂಪನಿಯ ಯಜಮಾನನೇ ಜನರನ್ನು ನಗಿಸುವವನು!

ಈಗ ನಮ್ಮ ಸಂಘಗಳು ಕಳಿಸುವ ಮಿಂಚೆಗಳನ್ನು ನೋಡಿ. "ಎಲ್ಲರೂ ತಪ್ಪದೇ ಹಾಜರಾಗತಕ್ಕದ್ದು." "ತಡವಾಗಿ ಬಂದವರಿಗೆ ಪ್ರವೇಶವಿಲ್ಲ." ಕಾರ್ಯಕ್ರಮಕ್ಕೆ ಜನ ಕಡಿಮೆಯಾದರಂತೂ ಮರುದಿನವೇ ಇನ್ನೊಂದು: "ಕನ್ನಡಿಗರಿಗೆ ಅಭಿಮಾನವೇ ಇಲ್ಲ." ಅದನ್ನು ಓದುವವರು ಯಾರು? ಬಂದವರೇ! ಬಾರದವರು ಮಿಂಚೆ ತೆರೆದಿರುವುದೂ ಇಲ್ಲ. ಬಯ್ಗುಳ ಬೀಳುವುದು ಬಂದು ಕುರ್ಚಿ ಎತ್ತಿಟ್ಟವರ ಮೇಲೆ.

ಯಕ್ಷಗಾನ ನೆನೆಯಿರಿ. ಅಲ್ಲಿ ರಾಜ ಗ್ರಾಂಥಿಕ ಕನ್ನಡದಲ್ಲಿ ಮಾತಾಡುತ್ತಾನೆ. ಹಾಸ್ಯಗಾರ ಊರಿನ ಆಡುಮಾತಿನಲ್ಲಿ ಮಾತಾಡುತ್ತಾನೆ. ಪ್ರೇಕ್ಷಕರಿಗೂ ರಂಗಕ್ಕೂ ನಂಟು ಬೆಸೆಯುವವನು ಅವನು. ನಮ್ಮ ಮಿಂಚೆಗಳಲ್ಲಿ ರಾಜನೊಬ್ಬನೇ ಅಬ್ಬರಿಸುತ್ತಾನೆ, ಹಾಸ್ಯಗಾರನಿಗೆ ಪ್ರವೇಶವೇ ಇಲ್ಲ.

ಹಾಗೆಂದು ಬಿಗಿಯನ್ನು ಬಿಡಬೇಕಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರ ಹೊತ್ತಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆದರೂ ಜನ ಹೋಗುತ್ತಾರೆ. ಅದೇ ನಿಯಮವನ್ನು ನಾವು ಹೀಗೆ ಬರೆಯಬಹುದು: "ನಾಟಕ ಸರಿಯಾಗಿ 5 ಗಂಟೆಗೆ. ಅಂದು ಭಾರತೀಯ ಕಾಲಮಾನಕ್ಕೆ ರಜೆ. ಬೇಗ ಬಂದರೆ ಬಿಸಿ ಕಾಫಿ, ತಡವಾದರೆ ಕಾಫಿಯೂ ಇಲ್ಲ, ಮೊದಲ ಅಂಕವೂ ಇಲ್ಲ." ನಿಯಮ ಅದೇ, ದನಿ ಮಾತ್ರ ಬೇರೆ. ಜಾಗ, ಹೊತ್ತು, ಕಾರು ನಿಲ್ಲಿಸುವ ತಾಣ ಮಾತ್ರ ಸ್ಪಷ್ಟವಾಗಿರಲಿ. ನಗುತ್ತಾ ದಾರಿ ತಪ್ಪಿಸಿದರೆ ಯಾರೂ ನಗುವುದಿಲ್ಲ.

ನಗುವಿಗೂ ಒಂದು ಗಡಿ ಇದೆ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಗೇಲಿ ಮಾಡಿದ್ದು ಕುರ್ಚಿಯಲ್ಲಿ ಕೂತವರನ್ನು. ಸಂಘ ಗೇಲಿ ಮಾಡುವುದಾದರೆ ತನ್ನನ್ನೇ ಮಾಡಿಕೊಳ್ಳಲಿ: ಕೈಕೊಡುವ ಮೈಕು, ಮುಗಿಯದ ಅಧ್ಯಕ್ಷರ ಭಾಷಣ, ಉಪ್ಪು ಮರೆತ ಬಿಸಿಬೇಳೆಬಾತು. ಆದರೆ ಇಲ್ಲೇ ಹುಟ್ಟಿದ ಮಗು ವೇದಿಕೆಯಲ್ಲಿ 'ಳ'ಕಾರ ತಪ್ಪಿದಾಗ ನಗಬೇಡಿ. ಧಾರವಾಡದ ಮಾತಿಗೋ, ಮಂಗಳೂರಿನ ಮಾತಿಗೋ ಕಿಸಕ್ಕೆನ್ನಬೇಡಿ. ಆ ಒಂದು ನಗುವಿಗೆ ಆ ಮಗು ಕನ್ನಡದಿಂದಲೇ ದೂರ ಸರಿಯಬಹುದು. ಮುಂದಿನ ವರ್ಷ ನಾಟಕಕ್ಕೆ ಹುಡುಗರಿಲ್ಲ ಎಂದು ನಾವೇ ಗೋಳಾಡುತ್ತೇವೆ.

ಈ ಊರಿನಿಂದಲೂ ಕಲಿಯುವುದಿದೆ. 1953ರಲ್ಲಿ ಮೊದಲಾದ ಅಖಿಲ ಅಯರ್ಲೆಂಡ್ ನಾಟಕೋತ್ಸವ ಅತ್ಲೋನಿನದೇ. ಹವ್ಯಾಸಿ ತಂಡಗಳು ಆಡುತ್ತವೆ. ನಾಟಕ ಮುಗಿದ ಮೇಲೆ ತೀರ್ಪುಗಾರರು ಪ್ರೇಕ್ಷಕರೆದುರೇ ಬಂದು ಅದರ ಬಗ್ಗೆ ಮಾತಾಡುತ್ತಾರೆ. ಹಗಲು ದುಡಿದು ರಾತ್ರಿ ತಾಲೀಮು ಮಾಡಿದವರ ಕೆಲಸವನ್ನು ಊರೆದುರು ತೂಗುವುದಕ್ಕೆ ತಿಳಿವಳಿಕೆಯಷ್ಟೇ ಅಕ್ಕರೆಯೂ ಬೇಕು. ನಮ್ಮಲ್ಲೂ ನಾಟಕವಾದ ಮೇಲೆ ಹತ್ತು ನಿಮಿಷ ಹೀಗೆ ಮಾತಾಡೋಣ. ನೋಡಿದವರೂ ಬಾಯಿ ಬಿಡಲಿ.

ಮುಂದಿನ ಆಮಂತ್ರಣ ಬರೆಯುವವರಿಗೆ ನನ್ನದು ಒಂದೇ ಬೇಡಿಕೆ. ಕಳಿಸುವ ಮುನ್ನ ಗಟ್ಟಿಯಾಗಿ ಓದಿಕೊಳ್ಳಿ. ಮನೆ ಬಾಗಿಲಲ್ಲಿ ನಿಂತು ನೆಂಟರನ್ನು ಕರೆದಂತೆ ಕೇಳಿಸಿದರೆ ಕಳಿಸಿ. ತಹಸೀಲ್ದಾರರ ನೋಟಿಸಿನಂತೆ ಕೇಳಿಸಿದರೆ ತಿದ್ದಿ.