ನೀಲಿ ನೂಲು, ಬಿಳಿ ತಿರುಳು



ಪ್ರಯೋಗಶೀಲ ಡೆನಿಮ್ ಕುರಿತ ವಿಚಾರ ಸಂಕಿರಣ ಚಿಕ್ಕಬಳ್ಳಾಪುರದಲ್ಲೇಕೆ, ರೇಷ್ಮೆ ಸೀಮೆಗೂ ಜೀನ್ಸಿಗೂ ಏನು ನಂಟು ಎಂದು ಕೆಲವರು ಕೇಳಿದರು. ಉತ್ತರ ನೂಲಿನಿಂದಲೇ ಶುರುವಾಗಲಿ. ಮನೆಗೆ ಹೋದ ಮೇಲೆ ಹಳೇ ಜೀನ್ಸಿನ ಕಾಲಂಚಿನಿಂದ ಒಂದು ನೀಲಿ ಹಾಸುನೂಲು ಎಳೆದು, ಹುರಿ ಬಿಡಿಸಿ ನೋಡಿ. ಮೇಲೆ ನೀಲಿ, ತಿರುಳು ಬಿಳಿ. ಜೀನ್ಸಿನ ಈ ನೀಲಿ ಬಣ್ಣ ಬರೀ ನೀರಿನಲ್ಲಿ ಕರಗದು. ಕ್ಷಾರದ ತೊಟ್ಟಿಯಲ್ಲಿ ರೂಪ ಬದಲಿಸಿಕೊಂಡರಷ್ಟೇ ಕರಗುತ್ತದೆ. ಅದ್ದಿ ತೆಗೆದ ನೂಲು ಮೊದಲು ಹಳದಿ ಹಸಿರು; ಗಾಳಿ ಸೋಕಿದ ಮೇಲೆ ನೀಲಿ. ಆ ನೀಲಿ ತಿರುಳಿಗಿಳಿಯದೆ ಸಿಪ್ಪೆಯಂತೆ ನಿಲ್ಲುತ್ತದೆ. ಅದಕ್ಕೇ ಉಜ್ಜಿದ ಕಡೆ ಬಿಳಿ ಇಣುಕುತ್ತದೆ.

ಮಂಡಿ ಸವೆದು ಬರಬೇಕಾದ ಆ ಬಿಳಿಯನ್ನು ನಾವು ಕಾರ್ಖಾನೆಯಲ್ಲೇ ತೊಳೆದು, ಉಜ್ಜಿ ಹೊರತರುತ್ತಿದ್ದೇವೆ. ಮರಳು ಸಿಡಿಸಿ ಬಟ್ಟೆ ಮಾಸಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶ ಕೆಟ್ಟಿದ್ದರಿಂದ ಟರ್ಕಿ 2009ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು. ನಮ್ಮ ಬಳ್ಳಾರಿ ಜೀನ್ಸಿಗೆ ದೇಶದಲ್ಲೆಲ್ಲ ಹೆಸರಿದೆ. ವಾಷಿಂಗ್ ಘಟಕಗಳ ನೀಲಿ ನೀರು ಎಲ್ಲಿಗೆ ಹೋಗಬೇಕೆಂಬ ತಕರಾರೂ ಅಲ್ಲಿದೆ. ಇಲ್ಲಿ ಚಿಕ್ಕಬಳ್ಳಾಪುರದಲ್ಲೋ, ಕೊಳವೆಬಾವಿ ಸಾವಿರ ಅಡಿ ದಾಟಿದೆ. ಕೆರೆಗೆ ಬೆಂಗಳೂರಿನಿಂದ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಇಂಥ ನೆಲದಲ್ಲಿ ಹುಟ್ಟುವ ಜೀನ್ಸ್ ತೊಳೆಯದ ಜೀನ್ಸೇ ಆಗಬೇಕು. ಅದನ್ನು ಮಾಸಿಸುವ ಕೆಲಸ ತೊಟ್ಟವರದು.

ಪ್ರಯೋಗವೆಂದರೆ ಹರಿದು ತೋರಿಸುವುದು ಎಂಬ ಭ್ರಮೆ ಬೇಡ. ಜೀನ್ಸಿನ ಮೊದಲ ಪ್ರಯೋಗ ಹರಿಯದಂತೆ ಮಾಡಿದ್ದು. ಕೂಲಿಯವರ ಜೇಬು ಕಿತ್ತುಬರುತ್ತಿತ್ತೆಂದು ಅಮೆರಿಕದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್ ಅದಕ್ಕೆ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ 1873ರ ಮೇ 20ರಂದು ಪೇಟೆಂಟ್ ಪಡೆದ. ಹರಿದದ್ದನ್ನು ಉಳಿಸುವ ತೇಪೆಯೂ ಪ್ರಯೋಗವೇ. ಜಪಾನಿನ ವಿನ್ಯಾಸಕ ಜುನ್ಯಾ ವಟನಾಬೆ ತೇಪೆ ಹಾಕಿದ ಡೆನಿಮ್‌ಗೆ ಪ್ಯಾರಿಸ್ ತಲೆದೂಗುತ್ತದೆ. ನಾವೂ ಬೆರಗಾಗುತ್ತೇವೆ, ಅಜ್ಜಿ ಹೊಲಿದ ಬೊಂತೆ ಮಾತ್ರ ಅಟ್ಟದ ಮೇಲಿದೆ. ಉತ್ತರ ಕರ್ನಾಟಕದ ಕೌದಿ, ಸಿದ್ದಿ ಸಮುದಾಯದ ಹೆಂಗಸರ ಕವಂದಿ ಕೂಡ ತೇಪೆ ಜೋಡಿಸುವ ಅದೇ ವಿದ್ಯೆ. ಗಾರ್ಮೆಂಟ್ಸ್‌ನ ಕಟಿಂಗ್ ಟೇಬಲ್ ಕೆಳಗೆ ಬೀಳುವ ಚೂರುಗಳಿಗೆ ಆ ವಿದ್ಯೆ ಗೊತ್ತಿರುವ ಕೈ ಬೇಕು.

ಇನ್ನು ನಮ್ಮ ಶಿಡ್ಲಘಟ್ಟದ ರೇಷ್ಮೆಯ ಮಾತು. ಗೂಡು ಬೇಯಿಸಿ ಎಳೆಯ ತುದಿ ಹುಡುಕುವಾಗ ಮೊದಲು ಕೈಗೆ ಬರುವ ಸಿಕ್ಕಿಗೆ ‘ಜುಟ್ಟು’ ಎನ್ನುತ್ತಾರೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ಅದು ತ್ಯಾಜ್ಯ. ಅದನ್ನೇ ನೂತು ಡೆನಿಮ್‌ನ ಅಡ್ಡನೂಲಾದ ಹೊಕ್ಕಿಗೆ ಹಾಕಿದರೆ ಹೊರಗೆ ಒರಟು ನೀಲಿ, ಮೈಗೆ ತಾಗುವಲ್ಲಿ ರೇಷ್ಮೆ. ಎಷ್ಟು ಬಾಳುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದನ್ನು ಮಗ್ಗವೇ ಹೇಳಬೇಕು. ದೊಡ್ಡ ಕಂಪನಿ ಇಂಥದಕ್ಕೆ ಕೈ ಹಾಕುವುದು ಕಷ್ಟ; ಐವತ್ತು ಗಜ ನೇಯ್ದು ಸೋಲಲು ಸಿದ್ಧವಿರುವ ಸಣ್ಣ ಸ್ವತಂತ್ರ ಲೇಬಲ್ ಹಾಕಬಹುದು. ಆದರೆ ಸ್ವಾತಂತ್ರ್ಯ ವಿನ್ಯಾಸಕನೊಬ್ಬನದೇ ಆದರೆ ಸಾಲದು, ದುಡಿಯುವವರದೂ ಆಗಬೇಕು. ಹೆಗ್ಗೋಡಿನ ಬಳಿ ಕೈಮಗ್ಗದ ಬಟ್ಟೆ ಮಾಡುವ ‘ಚರಕ’ವನ್ನೇ ನೋಡಿ, ಅದು ಮಹಿಳೆಯರ ಸಹಕಾರ ಸಂಘ. ಬಣ್ಣ ಅದ್ದುವ ಕೈಯೇ ಅಲ್ಲಿ ಸಂಘದ ಸದಸ್ಯೆ.

ಮಧ್ಯಾಹ್ನದ ಗೋಷ್ಠಿಗಳಿಗೆ ನನ್ನದೊಂದೇ ಕೋರಿಕೆ. ಲೇಬಲ್ಲಿಗೆ ಹೆಸರು ಆಮೇಲೆ ಹುಡುಕೋಣ. ಮೊದಲು ಜೀನ್ಸಿಗೆ ಹೊಲಿಯುವ ಲೇಬಲ್ ಚೀಟಿಯ ಮೇಲೆ ಎಷ್ಟು ನೀರು ಖರ್ಚಾಯಿತು, ಹೊಲಿದವರಿಗೆ ಎಷ್ಟು ಕೂಲಿ ಸಂದಿತು ಎಂದು ಅಚ್ಚು ಹಾಕುವ ಧೈರ್ಯ ಮಾಡೋಣ.