ನೋವೇ ‘ನೋಯ್’ ಆದಾಗ



ನಮ್ಮ ತಾಳವಾಡಿ ಸೀಮೆಯಲ್ಲಿ ಸೊಂಟನೋವು, ಮಂಡಿನೋವು ಕಾಣದ ಮನೆ ಹುಡುಕುವುದು ಕಷ್ಟ. ಆಲೂಗಡ್ಡೆ ಬಿತ್ತುವುದು ಬಗ್ಗಿಯೇ, ಕೋಸು ಕೊಯ್ಯುವುದು ಬಗ್ಗಿಯೇ, ಕಳೆ ಕೀಳುವುದು ಕುಕ್ಕರುಗಾಲಿನಲ್ಲಿಯೇ. ದುಡಿದ ಮೈ ನೋಯುತ್ತದೆ. ಬಿಸಿನೀರು ಹುಯ್ದುಕೊಂಡು ಎರಡು ದಿನ ಸುಧಾರಿಸಿಕೊಂಡರೆ ಹೋಗುತ್ತದೆ. ನಾನು ಇವತ್ತು ಹೇಳಹೊರಟಿರುವುದು ಹಾಗೆ ಹೋಗದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದುಬಿಡುವ ನೋವಿನ ವಿಚಾರ.

ನಮ್ಮ ಬೀದಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಗೊಬ್ಬರದ ಮಂಕರಿ ಎತ್ತುವಾಗ ಒಂದು ದಿನ ಸೊಂಟ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲದ ಕಡೆ ತೋರಿಸಿದರು. ಅತ್ತ ಗಡಿ ದಾಟಿ ಚಾಮರಾಜನಗರದ ಕಡೆಯೂ ತೋರಿಸಿದರು. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಅಂಥದ್ದೇನೂ ಇಲ್ಲ ಎಂಬ ಉತ್ತರ ಬಂತು. ಅಂದಿನಿಂದ ಮನೆಯಲ್ಲಿ ಮಾತು ಶುರುವಾಯಿತು: ಕೆಲಸ ತಪ್ಪಿಸಿಕೊಳ್ಳೋಕೆ ಆಡೋ ನಾಟಕ ಇದು, ಅಂತ. ಒಂದು ಸಂಜೆ ಆಕೆ ನಮ್ಮ ಜಗಲಿಯ ಮೇಲೆ ಕೂತು ಕೇಳಿದಳು: “ಅಣ್ಣೋ, ಪೋಟೋದಲ್ಲಿ ಏನೂ ಇಲ್ವಂತೆ. ಅಂಗಾರೆ ನನ್ಗೆ ನೋವೇ ಇಲ್ವಾ?”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ ಅರಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನೋವು ಎಂದರೆ ಗಂಟೆಯ ಹಗ್ಗದಂತೆ ಎಂದು ಬಹಳ ಕಾಲ ವಿದ್ವಾಂಸರು ತಿಳಿದಿದ್ದರು. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ಹಾಗೆಯೇ ವಿವರಿಸಿದ್ದರು. ಅವರ ಆ ಪುಸ್ತಕ ಫ್ರೆಂಚಿನಲ್ಲಿ 1664ರಲ್ಲಿ ಅಚ್ಚಾಯಿತು. ಕಾಲಿಗೆ ಬೆಂಕಿ ತಗುಲಿದರೆ ಅಲ್ಲಿ ಹಗ್ಗ ಎಳೆದಂತೆ, ತಲೆಯಲ್ಲಿ ಗಂಟೆ ಬಾರಿಸುತ್ತದೆ. ಈ ಲೆಕ್ಕದಲ್ಲಿ ಗಾಯ ಎಷ್ಟೋ ನೋವು ಅಷ್ಟೇ. ಗಾಯವಿಲ್ಲದಿದ್ದರೆ ನೋವೂ ಇಲ್ಲ.

ಆದರೆ ನಮ್ಮ ಅನುಭವವೇ ಬೇರೆ ಹೇಳುತ್ತದೆ. ರಾತ್ರಿ ಹೊಲ ಕಾಯುವಾಗ ಆನೆ ಅಟ್ಟಿಸಿಕೊಂಡು ಬಂದರೆ, ಕಾಲಿಗೆ ಹೊಕ್ಕ ಮುಳ್ಳು ಓಡುವಾಗ ಗೊತ್ತಾಗುವುದಿಲ್ಲ. ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನೋಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬೀಚರ್ ಎಂಬ ಅಮೆರಿಕದ ವೈದ್ಯರು ಇದನ್ನೇ ಕಂಡರು. ದೊಡ್ಡ ಗಾಯವಾಗಿದ್ದ ಸೈನಿಕರಲ್ಲಿ ಅನೇಕರು ನೋವಿನ ಔಷಧಿ ಬೇಡ ಎನ್ನುತ್ತಿದ್ದರು. ಅಂದರೆ ಗಾಯ ಇದ್ದೂ ನೋವು ಕಡಿಮೆ ಇರಬಹುದು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲೇ ನೋಯುತ್ತದೆ. ಚೆನ್ನೈಯಲ್ಲಿ ವೈದ್ಯಶಾಸ್ತ್ರ ಓದಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಒಂದು ಸರಳ ಉಪಾಯ ಮಾಡಿದರು. ಕೈ ಕಳೆದುಕೊಂಡವರ ಮುಂದೆ ಕನ್ನಡಿ ನಿಲ್ಲಿಸಿ, ಇರುವ ಕೈಯ ಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿದರು. ಕೆಲವರಿಗೆ ನೋವು ತಗ್ಗಿತು. ಇಲ್ಲದ ಕೈಯಲ್ಲಿ ಏನು ಫೋಟೋ ತೆಗೆಯುತ್ತೀರಿ? ಆದರೂ ಆ ನೋವು ನಿಜ.

ಹಾಗಾದರೆ ಒಳಗೆ ನಡೆಯುವುದೇನು? 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಹೊಸ ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದೆ ಎಂದರು. ಗಡಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಕಾರಪಳ್ಳಂ ಚೆಕ್‌ಪೋಸ್ಟನ್ನು ನೆನೆಸಿಕೊಳ್ಳಿ. ಬರುವ ಲಾರಿಗಳೆಲ್ಲ ನೇರವಾಗಿ ಹೋಗುವುದಿಲ್ಲ. ಕೆಲವನ್ನು ಬಿಡುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ಮೇಲಿನಿಂದ ಆದೇಶ ಬಂದರೆ ತಪಾಸಣೆ ಬಿಗಿಯಾಗುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಮೈಯಿಂದ ಬರುವ ಸುದ್ದಿಯೂ ಹಾಗೆಯೇ. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದು ಏಕೆ? ಸ್ಪರ್ಶದ ಸುದ್ದಿ ಹೋಗಿ ನೋವಿನ ಸುದ್ದಿಗೆ ಗೇಟು ಹಾಕುವುದರಿಂದ. ಮಿದುಳಿನಿಂದಲೂ ಕೆಳಕ್ಕೆ ಆದೇಶ ಬರುತ್ತದೆ. ಭಯ, ಚಿಂತೆ, ನಿದ್ದೆಗೇಡು ಗೇಟನ್ನು ತೆರೆಯುತ್ತವೆ. ನೆಮ್ಮದಿ, ಭರವಸೆ ಅದನ್ನು ಮುಚ್ಚುತ್ತವೆ. ಆ ಚಿತ್ರದ ವಿವರಗಳನ್ನು ಆಮೇಲಿನವರು ತಿದ್ದಿದ್ದಾರೆ. ಆದರೆ ನೋವಿನ ಸುದ್ದಿ ದಾರಿಯಲ್ಲೇ ಹೆಚ್ಚುಕಡಿಮೆಯಾಗುತ್ತದೆ ಎಂಬ ಮೂಲ ಮಾತು ಉಳಿದಿದೆ.

1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬವರು ಇನ್ನೊಂದು ಸಂಗತಿ ತೋರಿಸಿದರು. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗಿ ಅತಿ ಚುರುಕಾಗುತ್ತವೆ. ಹೊಲದ ನಾಯಿಯನ್ನು ನೋಡಿ. ಒಮ್ಮೆ ಆನೆ ಹತ್ತಿರ ಬಂದು ಹೋಯಿತೆಂದರೆ, ಆಮೇಲೆ ಎಲೆ ಅಲುಗಿದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ, ನಾಟಕವನ್ನೂ ಆಡುತ್ತಿಲ್ಲ. ಅದಕ್ಕೆ ಸದ್ದು ಕೇಳಿಸಿದೆ. ಆನೆ ಮಾತ್ರ ಅಲ್ಲಿಲ್ಲ. ಬಹುಕಾಲದ ನೋವಿನಲ್ಲಿ ಎಷ್ಟೋ ಜನರಿಗೆ ಆಗುವುದು ಇದೇ. ಗಾಯ ಮಾಗಿರುತ್ತದೆ, ಕಾವಲು ಇಳಿದಿರುವುದಿಲ್ಲ.

ಇನ್ನು ಆ ಸ್ಕ್ಯಾನ್ ಮಾತು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ ನೋಡಿದರು. ನೂರಕ್ಕೆ 52ರಷ್ಟು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಆದ್ದರಿಂದ ಫೋಟೋದಲ್ಲಿ ಏನೋ ಕಂಡಿತೆಂದ ಮಾತ್ರಕ್ಕೆ ಅದೇ ನೋವಿನ ಕಾರಣ ಎನ್ನಲಾಗದು. ಏನೂ ಕಾಣಲಿಲ್ಲವೆಂದು ನೋವಿಲ್ಲ ಎನ್ನಲೂ ಆಗದು. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ ಒಂದು ಮಾತು ಸೇರಿಸಿತು: ನೋಯುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು. ನಮ್ಮ ಬೀದಿಯ ಆ ಹೆಣ್ಣುಮಗಳಿಗೆ ಸಿಗಬೇಕಾಗಿದ್ದ ಉತ್ತರ ಇದೇ.

ಇಲ್ಲಿ ನಮ್ಮ ಎರಡು ಭಾಷೆಗಳ ಒಂದು ಸೊಗಸು ನೋಡಿ. ಕನ್ನಡದಲ್ಲಿ ನಾವು ನೋವು ಎನ್ನುತ್ತೇವೆ. ತಮಿಳಿನಲ್ಲಿ ಕಾಯಿಲೆಗೆ ನೋಯ್ ಎನ್ನುತ್ತಾರೆ. ಎರಡೂ ಒಂದೇ ಬೇರಿನಿಂದ ಬಂದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು. ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವಿಗೆ ಅದರಲ್ಲಿ ತನ್ನದೇ ಸ್ಥಾನವಿದೆ. ಕೆಲವರಲ್ಲಿ ಅದು ಬೇರೆ ಕಾಯಿಲೆಯ ಲಕ್ಷಣ, ಕೆಲವರಲ್ಲಿ ಅದೇ ಒಂದು ಕಾಯಿಲೆ. ಕನ್ನಡದ ನೋವು ತಮಿಳಿನ ನೋಯ್ ಆಗುವುದನ್ನು ವಿಜ್ಞಾನ ಈಗ ಒಪ್ಪಿದೆ.

ಚಿಕಿತ್ಸೆಗೂ ಮಾತು ಬೇಕು. 1975ರಲ್ಲಿ ಮೆಲ್ಜ್ಯಾಕ್ ಅವರೇ ನೋವಿನ ಪದಗಳನ್ನು ಕಲೆಹಾಕಿ ಒಂದು ಪ್ರಶ್ನಾವಳಿ ಮಾಡಿದರು. ಯಾವ ಪದ ಬಳಸುತ್ತೀರಿ ಎಂಬುದರಿಂದ ವೈದ್ಯರಿಗೆ ನೋವಿನ ಜಾತಿ ಸುಳಿಯುತ್ತದೆ. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ ಛಳಕು ಎಂದರೆ ನರದ ನೋವಿನ ಅನುಮಾನ. ಅದಕ್ಕೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ಹಿಡಿಯುವುದಿಲ್ಲ, ಬೇರೆ ಔಷಧಿ ಬೇಕು. ನಮ್ಮವರು ತಮಿಳು ವೈದ್ಯರ ಮುಂದೆ ಎಲ್ಲವನ್ನೂ “ವಲಿ, ವಲಿ” ಎಂದು ಮುಗಿಸಿಬಿಡುತ್ತಾರೆ. ಉರಿ ಎಂಬುದಕ್ಕೆ ಎರಿಚ್ಚಲ್ ಎನ್ನಿ. ಸೆಳೆಯುತ್ತದೆ ಎಂಬುದಕ್ಕೆ ಇಳುಕ್ಕುದು ಎನ್ನಿ. ಜೋಮು ಹಿಡಿದಿದ್ದರೆ ಮರತ್ತುಪ್ಪೋಚ್ಚು ಎನ್ನಿ. ಮಾತು ಬಾರದ ಹಿರಿಯರಾದರೆ ಶಾಲೆಗೆ ಹೋಗುವ ಮೊಮ್ಮಗಳನ್ನು ಜೊತೆಗೆ ಕರೆದೊಯ್ಯಿರಿ.

ಔಷಧಿಯ ಹುಡುಕಾಟ ನಡೆದೇ ಇದೆ. ಮೆಣಸಿನಕಾಯಿ ತಿಂದರೆ ಬಾಯಿ ಉರಿಯುವುದೇಕೆ ಎಂದು ಹುಡುಕಿದ ಡೇವಿಡ್ ಜೂಲಿಯಸ್ ತಂಡದವರು 1997ರಲ್ಲಿ ನರದ ತುದಿಯಲ್ಲಿ ಕಾರಕ್ಕೂ ಸುಡುವ ಬಿಸಿಗೂ ತೆರೆಯುವ ಒಂದೇ ಬಾಗಿಲು ಕಂಡರು. ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಸುಜೆಟ್ರಿಜಿನ್ ಎಂಬ ಹೊಸ ಬಗೆಯ ಮಾತ್ರೆಗೆ ಒಪ್ಪಿಗೆಯಾಯಿತು. ಆ ಒಪ್ಪಿಗೆ ಹೊಸದಾಗಿ ಬಂದ ತೀವ್ರ ನೋವಿಗೆ, ಹಳೆಯ ನೋವಿಗಲ್ಲ. ಒಂದೇ ಮಾತ್ರೆಯಲ್ಲಿ ಹಳೆಯ ನೋವನ್ನು ಕಳೆಯುವ ಮದ್ದು ಬಂದಿಲ್ಲ. ಅಂಥದ್ದಿದೆ ಎನ್ನುವವರನ್ನು ನಂಬಬೇಡಿ.

ಬೆಂಗಳೂರಿನ ಹೊರವಲಯದ ಪ್ರಶಾಂತಿ ಕುಟೀರದಲ್ಲಿ ಹಳೆಯ ಸೊಂಟನೋವಿನ 80 ಜನರನ್ನು ಎರಡು ಗುಂಪು ಮಾಡಿ, ಒಂದು ವಾರ ಅಲ್ಲಿಯೇ ಇರಿಸಿ ಒಂದು ಪರೀಕ್ಷೆ ನಡೆಸಿದರು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ. ಇದು 2008ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ದಿನದ ಕೆಲಸಕ್ಕಿದ್ದ ಅಡ್ಡಿ ಹೆಚ್ಚು ತಗ್ಗಿತು, ಬೆನ್ನು ಹೆಚ್ಚು ಬಾಗಿತು. ಒಂದೇ ವಾರದ ಚಿಕ್ಕ ಪರೀಕ್ಷೆ ಅದು. ಆದರೆ ಹಳೆಯ ಸೊಂಟನೋವಿಗೆ ಹಾಸಿಗೆಗಿಂತ ಹದವಾದ ಚಲನೆ ಮೇಲು ಎಂಬುದನ್ನು ಬೇರೆ ಬೇರೆ ದೇಶಗಳ ಪರೀಕ್ಷೆಗಳೂ ಹೇಳುತ್ತವೆ.

ಹದ ಎಂದೆ. ನೋವು ಕಡಿಮೆ ಇದ್ದ ದಿನ ಮೂರು ದಿನದ ಕೆಲಸ ಮಾಡಿ, ಆಮೇಲೆ ಮೂರು ದಿನ ಮಲಗುವುದು ನಮ್ಮ ಅಭ್ಯಾಸ. ಅದು ಬೇಡ. ದಿನಾ ಇಷ್ಟೇ ದೂರ, ಇಷ್ಟೇ ಹೊತ್ತು ಎಂದು ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು. ನೋವಿನ ಜೊತೆಗೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ. ಅಲ್ಲಿ ಆನೆ ನಿಜವಾಗಿಯೂ ಬಂದಿರಬಹುದು.

ಮೊದಲು ಹೇಳಿದ ಹೆಣ್ಣುಮಗಳ ನೋವು ಪೂರ್ತಿ ಹೋಗಿಲ್ಲ. ಈಗ ಬೆಳಿಗ್ಗೆ ಕೆರೆ ಏರಿಯವರೆಗೆ ನಡೆದು ಬರುತ್ತಾಳೆ. ಅರ್ಧ ಸಾಲು ಕಳೆ ಕಿತ್ತು ಎದ್ದು ಸೊಂಟ ನೆಟ್ಟಗೆ ಮಾಡುತ್ತಾಳೆ. ಮೊದಲು ನಾಟಕ ಅಂದಿದ್ದ ಅತ್ತೆ ಈಗ “ಇವತ್ತು ಎಲ್ಲೀಗಂಟ ನಡೆದೆ ಮಗಾ?” ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲೂ ಹೀಗೆ ನೋಯುವವರು ಇದ್ದಾರು. ಫೋಟೋದಲ್ಲಿ ಏನು ಬಂತು ಎಂದು ಕೇಳುವ ಮೊದಲು, ಹೇಗೆ ನೋಯುತ್ತದೆ ಎಂದು ಕೇಳಿ. ಅವರು ಹೇಳಿದ್ದನ್ನು ನಂಬಿ.